ಕಂಬಿಗೆ ಹಚ್ಚಿದ ಎಣ್ಣೆ

ಉಜ್ಜಿನಪ್ಪ ಕಂಪ್ಲಿಯ ಅಕ್ಕಿ ಗಿರಣಿಗೆ ಕೆಲಸಕ್ಕೆ ಬಂದ ದಿನವೇ ಎಂಜಿನ್ ಡ್ರೈವರ್ ಕೊಟ್ರಯ್ಯ ಅವನ ಹಾಸಿಗೆಯ ಸುರುಳಿಯನ್ನು ಎಂಜಿನ್ ಕೋಣೆಯಿಂದ ಎತ್ತಿ ಹೊಟ್ಟಿನ ರಾಶಿಯ ಮೇಲೆ ಎಸೆದ.

“ಎಂಜಿನ್ ಮನಿ ನಂದು. ಇಲ್ಲಿ ಇನ್ನೊಬ್ಬ ಮೇಸ್ತ್ರಿಗೆ ಜಾಗ ಇಲ್ಲ.”

“ನಿಮ್ಮ ಎಂಜಿನ್ ಮುಟ್ಟಾಕ ಬಂದಿಲ್ರಿ ನಾನು. ಲಿಫ್ಟು ನೋಡ್ಕೊಳ್ಳಾಕ ಕರೆಸ್ಯಾರ.”

“ಆ ಲಿಫ್ಟು ಯಾವುದರ ಮ್ಯಾಲ ನಡೀತೈತಿ? ನನ್ನ ಎಂಜಿನ್ ಮ್ಯಾಲ. ತಿಳ್ಕೊ.”

ಯುದ್ಧದ ಕಾಲ. ಸಾವಿರದ ಒಂಬೈನೂರ ನಲವತ್ತೆರಡರ ಸುಗ್ಗಿ. ಗಿರಣಿಯ ಒಡತಿ ಮರುಳಸಿದ್ದಮ್ಮ ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ತಾನೇ ಕಾರುಬಾರು ನಡೆಸುತ್ತಿದ್ದಳು. ಮದರಾಸಿನಲ್ಲಿ ಮುಚ್ಚಿಹೋದ ಯಾವುದೋ ಗೋದಾಮಿನಿಂದ ಹಳೆಯ ಲಿಫ್ಟೊಂದನ್ನು ತರಿಸಿ ಮೂರು ಅಂತಸ್ತಿನ ಗಿರಣಿಯಲ್ಲಿ ನಿಲ್ಲಿಸಿದ್ದಳು. ಭತ್ತದ ಚೀಲಗಳನ್ನು ಹಮಾಲರು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುವುದು ತಪ್ಪಿತು. ಹದಿನೆಂಟು ವರ್ಷ ಆ ಗಿರಣಿಯಲ್ಲಿ ಯಂತ್ರವೆಂದರೆ ಕೊಟ್ರಯ್ಯ, ಕೊಟ್ರಯ್ಯ ಎಂದರೆ ಯಂತ್ರ. ಲಿಫ್ಟೂ ತನ್ನ ಕೈಗೇ ಬರುತ್ತದೆಂದು ಅವನು ನಂಬಿದ್ದ. ಆದರೆ ಮರುಳಸಿದ್ದಮ್ಮ ಸಂಡೂರು ಗುಡ್ಡದ ಮ್ಯಾಂಗನೀಸ್ ಗಣಿಯಲ್ಲಿ ಇಳಿಜಾರಿನಲ್ಲಿ ಅದಿರು ಇಳಿಸುವ ಡಬ್ಬಿಗಳ ಬ್ರೇಕು ನೋಡಿಕೊಳ್ಳುತ್ತಿದ್ದ ಚೋರನೂರಿನವನನ್ನು ಕರೆಸಿದಳು. ಅವನೇ ಉಜ್ಜಿನಪ್ಪ.

ಲಿಫ್ಟೆಂದರೆ ದೊಡ್ಡ ಮರದ ತೊಟ್ಟಿಲು. ಗಿರಣಿಯವರು ಅದನ್ನು ಕರೆಯುತ್ತಿದ್ದದ್ದೂ ತೊಟ್ಟಿಲೆಂದೇ. ಅದರ ಎರಡು ಪಕ್ಕದಲ್ಲಿ ನೆಲದಿಂದ ಸೂರಿನವರೆಗೆ ಎರಡು ಉಕ್ಕಿನ ಕಂಬಿ ನಿಂತಿದ್ದವು. ತೊಟ್ಟಿಲು ಆ ಕಂಬಿಗಳನ್ನು ಸವರಿಕೊಂಡೇ ಏರಬೇಕು, ಸವರಿಕೊಂಡೇ ಇಳಿಯಬೇಕು. ಅದರ ಅಡಿಯಲ್ಲಿ ಹಲ್ಲುಗಳಿದ್ದ ಎರಡು ಕಬ್ಬಿಣದ ದವಡೆ. ಮೇಲಿನ ಉಕ್ಕಿನ ಹಗ್ಗ ಹರಿದರೆ ಸ್ಪ್ರಿಂಗು ಬಿಚ್ಚಿ ದವಡೆಗಳು ಕಂಬಿಯನ್ನು ಕಚ್ಚಿ ತೊಟ್ಟಿಲನ್ನು ನಡುವೆಯೇ ನಿಲ್ಲಿಸಬೇಕು. ಭತ್ತದ ಚೀಲಗಳ ಜೊತೆ ದಿನಕ್ಕೆ ಮೂವತ್ತು ಸಲ ಏರಿ, ಮೇಲೆ ಚೀಲ ಬಿಚ್ಚಿ ಸುರಿದು, ಮತ್ತೆ ಇಳಿಯುತ್ತಿದ್ದವಳು ದ್ಯಾಮಕ್ಕ. ಕೋಟೆ ಕಡೆಯ ಗಟ್ಟಿ ಹೆಂಗಸು. ಮಾತು ಒರಟು, ಕೆಲಸ ಚುರುಕು.

ಉಜ್ಜಿನಪ್ಪ ಬಂದ ನಾಲ್ಕನೆಯ ದಿನ ತೊಟ್ಟಿಲು ಎರಡನೆಯ ಅಂತಸ್ತಿಗೂ ಮೂರನೆಯದಕ್ಕೂ ನಡುವೆ ಕಿರ್ರೆಂದು ಸಿಕ್ಕಿಕೊಂಡಿತು. ಮೇಲಿಂದ ದ್ಯಾಮಕ್ಕನ ಬೈಗುಳ ಇಡೀ ಗಿರಣಿಗೆ ಕೇಳಿಸಿತು.

“ಲೇ ಮೇಸ್ತ್ರಿಗಳಾ! ಇಬ್ಬಿಬ್ಬರು ಅದೀರಿ, ಒಬ್ಬನಿಗಾದ್ರೂ ಕೈ ಐತೇನು? ನನ್ನ ಇಲ್ಲೇ ಒಣಗಿಸ್ತೀರೇನು?”

ಅವಳನ್ನು ಏಣಿ ಹಾಕಿ ಇಳಿಸಬೇಕಾಯಿತು. ಉಜ್ಜಿನಪ್ಪ ಕಂಬಿಯನ್ನು ಬೆರಳಿಂದ ಮುಟ್ಟಿದ. ಬೆರಳು ಅಂಟಿತು. ಲಿಫ್ಟು ಬಂದಾಗಿನಿಂದ ಕೊಟ್ರಯ್ಯ ಕಂಬಿಗೆ ಔಡಲೆಣ್ಣೆ ಹಚ್ಚುತ್ತಿದ್ದ. ಗಾಳಿಯಲ್ಲಿ ತೇಲುವ ತೌಡು ಅದಕ್ಕೆ ಕೂತು, ಎಣ್ಣೆ ಆರಿ, ಕಂಬಿಯುದ್ದಕ್ಕೂ ಬೆಲ್ಲದ ಪಾಕದಂಥ ಅಂಟು ಗಟ್ಟಿಯಾಗಿತ್ತು.

“ಇದಕ್ಕ ಔಡಲೆಣ್ಣಿ ಆಗಂಗಿಲ್ರಿ,” ಎಂದ ಉಜ್ಜಿನಪ್ಪ. “ನಿಮ್ಮ ಪೀಪಾಯಿಯ ಎಂಜಿನ್ ಎಣ್ಣಿ ಬೇಕು. ವಾರಕ್ಕೊಂದು ಸೌಟು ಸಾಕು.”

ಕೊಟ್ರಯ್ಯ ನಕ್ಕ. “ಬಳ್ಳಾರಿಯಿಂದ ಪರ್ಮಿಟ್ ತಂದು, ಹೊಸಪೇಟೆ ಸ್ಟೇಷನ್ನಿನಾಗ ಎರಡು ದಿನ ಕಾದು ತಂದ ಎಣ್ಣಿ ಅದು. ನಿನ್ನ ಕಂಬಿಗೆ ಬಳಿಯಾಕಲ್ಲ.”

“ಹಂಗಾದ್ರ ತೊಟ್ಟಿಲು ದಿನಾ ಸಿಗಬೀಳ್ತೈತಿ.”

“ಬೀಳಲಿ. ನಿನ್ನ ಕರೆಸಿದ್ದು ಅದಕ್ಕ ಅಲ್ಲೇನು?” ಹೊರಟವನು ತಿರುಗಿ ಕೇಳಿದ. “ನಿಮ್ಮ ಗಣಿಯಾಗ ಏನು ಹಚ್ತಿದ್ರಿ?”

ಉಜ್ಜಿನಪ್ಪ ಯೋಚಿಸದೆ ಹೇಳಿಬಿಟ್ಟ. “ಅಲ್ಲಿ ದೊರೆಗಳು ದನದ ಕೊಬ್ಬು ಹಚ್ಚಿಸ್ತಿದ್ರು.”

ಮಧ್ಯಾಹ್ನದೊಳಗೆ ಮರುಳಸಿದ್ದಮ್ಮನಿಂದ ಕರೆ ಬಂತು. ಅವಳು ಪಡಸಾಲೆಯಲ್ಲಿ ನಿಂತೇ ಇದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

“ನನ್ನ ಗಿರಣಿಯಾಗ ದನದ ಕೊಬ್ಬು ಬಳೀತೀಯಂತ?”

“ನಾನು ಹಂಗ ಅಂದಿಲ್ಲ ಅವ್ವಾರ.”

“ಜಂಗಮರಿಗೆ ಉಣ್ಣಾಕ ಹಾಕೋ ಅಕ್ಕಿ ಇದು! ನೀ ಗಣಿಯಾಗ ಏನು ಬಳೀತಿದ್ದೋ ಅದನ್ನ ಇಲ್ಲಿ ತಂದ್ರ ನಿನ್ನ ಕೈ ಮುರಿಸ್ತೀನಿ. ಮಠದ ಗದ್ದಿಗಿ ಮುಂದ ಆಣಿ ಮಾಡು, ಬಳೆಯಂಗಿಲ್ಲ ಅಂತ.”

ಅವಳ ಹಿಂದೆ ಬಾಗಿಲಿಗೆ ಒರಗಿ ಕೊಟ್ರಯ್ಯ ಕೈಯ ಮಸಿ ಒರೆಸಿಕೊಳ್ಳುತ್ತಿದ್ದ. ಉಜ್ಜಿನಪ್ಪನ ಕಿವಿ ಬಿಸಿಯಾಯಿತು.

“ಆಣಿ ಮಾಡಂಗಿಲ್ರಿ. ಮಾಡದ ತಪ್ಪಿಗೆ ಯಾಕ ಮಾಡ್ಲಿ? ಎಂಟು ದಿನ ಕೊಡ್ರಿ. ಯಾವ ಎಣ್ಣಿ ಬೇಕು ಅಂತ ನಿಮ್ಮ ಕಣ್ಣಿಗೇ ತೋರಿಸ್ತೀನಿ. ಆಮ್ಯಾಲ ಬೇಕಾದ್ರ ಕೈ ಮುರೀರಿ.”

“ಎಂಟೇ ದಿನ,” ಎಂದಳು ಮರುಳಸಿದ್ದಮ್ಮ. “ಒಂಬತ್ತನೇ ದಿನ ನಿನ್ನ ಗಂಟು ಕಟ್ಟಿಸ್ತೀನಿ.”

ಉಜ್ಜಿನಪ್ಪ ಹಳೆಯ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಐದು ತುಂಡು ಮಾಡಿದ. ಒಂದಕ್ಕೆ ಔಡಲೆಣ್ಣೆ, ಒಂದಕ್ಕೆ ಶೇಂಗಾ ಎಣ್ಣೆ, ಒಂದಕ್ಕೆ ಬಂಡಿಯ ಗಾಲಿಗೆ ಹಾಕುವ ಕೀಲೆಣ್ಣೆ ಹಚ್ಚಿದ. ಉಳಿದೆರಡಕ್ಕೆ ಎಂಜಿನ್ ಎಣ್ಣೆ ಬೇಕಿತ್ತು. ಕೊಟ್ರಯ್ಯ ಕೊಡಲಿಲ್ಲ. ಎಂಜಿನ್ನಿನ ಅಡಿಯ ತಟ್ಟೆಗೆ ತೊಟ್ಟಿಕ್ಕಿದ್ದನ್ನು ಬಟ್ಟೆಯಲ್ಲಿ ಅದ್ದಿ ತಂದು ಒಂದಕ್ಕೆ ದಪ್ಪಗೆ ಬಳಿದ, ಇನ್ನೊಂದಕ್ಕೆ ಬಳಿದು ಒಣಬಟ್ಟೆಯಿಂದ ಒರೆಸಿದ. ಐದನ್ನೂ ಹೊಟ್ಟು ಹಾರುವ ಕಿಂಡಿಯ ಎದುರು ತೂಗುಹಾಕಿದ. ಕೊಟ್ರಯ್ಯ ಅತ್ತ ಹಾಯುವಾಗಲೆಲ್ಲ ಅವಕ್ಕೆ ಕೈಮುಗಿದು ಹಮಾಲರನ್ನು ನಗಿಸುತ್ತಿದ್ದ.

ಎಂಟನೆಯ ದಿನ ಮರುಳಸಿದ್ದಮ್ಮ ಸೆರಗನ್ನು ಮೂಗಿಗೆ ಹಿಡಿದು ಕಿಂಡಿಯ ಹತ್ತಿರ ಬಂದಳು. ಔಡಲೆಣ್ಣೆಯ ಪಟ್ಟಿಯನ್ನು ಮುಟ್ಟಿ ಬೆರಳನ್ನು ಗೋಡೆಗೆ ಒರೆಸಿದಳು. ಶೇಂಗಾ ಎಣ್ಣೆ ಒಣಗಿ ಹಳದಿ ಸಿಪ್ಪೆಯಾಗಿತ್ತು. ಕೀಲೆಣ್ಣೆಯ ಮೇಲೆ ತೌಡು ಒಂದು ಬೆರಳು ದಪ್ಪ ಕೂತಿತ್ತು. ದಪ್ಪಗೆ ಬಳಿದ ಎಂಜಿನ್ ಎಣ್ಣೆಯೂ ಕೆಸರಾಗಿತ್ತು. ಒರೆಸಿದ ಪಟ್ಟಿಯ ಮೇಲೆ ಮಾತ್ರ ತೆಳ್ಳಗೆ ಧೂಳು. ಉಜ್ಜಿನಪ್ಪ ಅದನ್ನು ಬಾಯಿಂದ ಊದಿದ, ಹೋಯಿತು. ಕೆಳಗೆ ಕಬ್ಬಿಣ ಮಿನುಗಿತು.

“ಎಣ್ಣಿ ಇರಬೇಕು, ಆದ್ರ ಕಣ್ಣಿಗೆ ಕಾಣಬಾರ್ದು,” ಎಂದ ಅವನು. “ಏರಾಕ ಜಾರಬೇಕು, ಹಗ್ಗ ಹರಿದ್ರ ಹಲ್ಲಿಗೆ ಉಕ್ಕು ಸಿಗಬೇಕು. ದಪ್ಪ ಬಳಿದ್ರ ಹಲ್ಲು ಎಣ್ಣಿನ್ನ ಕಚ್ತೈತಿ, ಕಂಬಿನ್ನ ಕಚ್ಚಂಗಿಲ್ಲ.”

ಮರುಳಸಿದ್ದಮ್ಮ ಮೆಚ್ಚುಗೆಯ ಮಾತಾಡಲಿಲ್ಲ. “ಕೊಟ್ರಯ್ಯ, ವಾರಕ್ಕೊಂದು ಸೌಟು ಕೊಡು,” ಎಂದು ಹೋದಳು.

ಕೊಟ್ರಯ್ಯ ಕೊಟ್ಟ. ಪ್ರತಿ ವಾರ ಸೌಟನ್ನು ಉಜ್ಜಿನಪ್ಪನ ಡಬ್ಬಿಯ ಅಂಚಿಗೆ ತಾಗಿಸಿ ಅರ್ಧ ನೆಲಕ್ಕೆ ಚೆಲ್ಲಿ ಕೊಟ್ಟ. ಉಜ್ಜಿನಪ್ಪ ನೆಲದ ಮೇಲಿನದನ್ನೂ ಬಟ್ಟೆಯಲ್ಲಿ ಹೀರಿಸಿಕೊಂಡ. ಸೀಮೆಎಣ್ಣೆಯಿಂದ ಕಂಬಿಗಳ ಹಳೆಯ ಅಂಟನ್ನು ಕೆರೆದು ತೊಳೆದು, ತೆಳ್ಳಗೆ ಎಣ್ಣೆ ಸವರಿದ. ಒಂದು ತಿಂಗಳು ತೊಟ್ಟಿಲು ಎಲ್ಲಿಯೂ ನಿಲ್ಲಲಿಲ್ಲ. ಆದರೆ ಏರುವಾಗ ಗರಗರ ಎಂದು ಸಣ್ಣ ಸದ್ದು ಮಾಡುತ್ತಿತ್ತು. ಕೊಟ್ರಯ್ಯ ಆ ಸದ್ದನ್ನೇ ಹಿಡಿದ. “ಕೇಳ್ರಿ, ನಮ್ಮ ಗಣಿ ಮೇಸ್ತ್ರಿ ತೊಟ್ಟಿಲು ಗೊರಕಿ ಹೊಡೀತೈತಿ,” ಎಂದು ಮರುಳಸಿದ್ದಮ್ಮನ ಎದುರೇ ಹೇಳುತ್ತಿದ್ದ.

ಜೋಳದ ಕೊಯ್ಲಿಗೆಂದು ಉಜ್ಜಿನಪ್ಪ ನಾಲ್ಕು ದಿನ ಚೋರನೂರಿಗೆ ಹೋದ. ತಿರುಗಿ ಬಂದಾಗ ತೊಟ್ಟಿಲು ಸದ್ದೇ ಇಲ್ಲದೆ ಏರುತ್ತಿತ್ತು. ಹಮಾಲರು ತಲೆಯೆತ್ತಿ ನೋಡುತ್ತಿದ್ದರು. ಕಂಬಿಗಳು ಮೇಲಿಂದ ಕೆಳಗಿನವರೆಗೆ ಕಪ್ಪಗೆ ಹೊಳೆಯುತ್ತಿದ್ದವು.

“ಕೀಲೆಣ್ಣಿ,” ಎಂದ ಕೊಟ್ರಯ್ಯ. “ನಮ್ಮ ಅಪ್ಪ ಅಜ್ಜ ಬಂಡಿ ಹೊಡೆದದ್ದು ಇದರ ಮ್ಯಾಲ. ಮಸ್ತ್ ಆಗೇತಿ ಅಂದ್ರು ಅವ್ವಾರು.”

ಉಜ್ಜಿನಪ್ಪ ತೊಟ್ಟಿಲಿನ ಅಡಿಗೆ ಬಗ್ಗಿ ದವಡೆಯೊಳಗೆ ಬೆರಳಿಟ್ಟ. ಹಲ್ಲುಗಳು ಸಿಗಲಿಲ್ಲ. ಅವುಗಳ ಸಂದಿಯಲ್ಲೆಲ್ಲ ಕೀಲೆಣ್ಣೆ, ತೌಡು ಸೇರಿ ಗಟ್ಟಿ ಮೆತ್ತೆ ತುಂಬಿತ್ತು. ಅವನು ನೆಟ್ಟಗೆ ಪಡಸಾಲೆಗೆ ಹೋದ.

“ಅವ್ವಾರ, ಹಲ್ಲು ಮುಚ್ಚಿ ಹೋಗ್ಯಾವು. ಹಗ್ಗ ಹರಿದ್ರ ಹಿಡಿಯಂಗಿಲ್ಲ.”

“ಹಗ್ಗ ಯಾಕ ಹರೀತೈತಿ?”

“ಹರಿಯಂಗಿಲ್ಲ ಅಂತ ಯಾರು ಹೇಳ್ಬೇಕ್ರಿ?”

“ಸದ್ದಿಲ್ಲ, ಸಿಗಬೀಳೋದಿಲ್ಲ, ಎಂಜಿನ್ ಎಣ್ಣಿ ಉಳೀತು. ನಿನಗ ಆಗದಿದ್ದುದನ್ನ ಅವನು ಮಾಡ್ಯಾನ, ಅದು ನಿನ್ನ ಹೊಟ್ಟಿಯಾಗಿನ ಉರಿ. ಹೋಗು, ಕೆಲಸ ನೋಡು.”

ಉಜ್ಜಿನಪ್ಪ ಅಂದೇ ಹಲ್ಲುಗಳನ್ನು ಕೆರೆದು ತೆಗೆಯಬಹುದಿತ್ತು. ಅರ್ಧ ಗಳಿಗೆಯ ಕೆಲಸ. ಉಳಿ ಕೈಯಲ್ಲೇ ಇತ್ತು. ಆದರೆ ಅವನ ಎದೆಯಲ್ಲಿ ಬೇರೆಯೇ ಕುದಿಯುತ್ತಿತ್ತು. ಮೆತ್ತಿದವನೇ ತೆಗೆಯಲಿ, ಎಲ್ಲರೆದುರು ತೆಗೆಯಲಿ ಎಂದುಕೊಂಡ. ದಿನವೂ ಕೊಟ್ರಯ್ಯನ ಜೊತೆ ಜಗಳವಾಡಿದ. ದಿನವೂ ದ್ಯಾಮಕ್ಕ ಚೀಲಗಳ ಮೇಲೆ ಕಾಲು ಚಾಚಿ ಕೂತು ಸದ್ದಿಲ್ಲದೆ ಮೇಲೆ ಹೋದಳು, ಕೆಳಗೆ ಬಂದಳು. ಅವಳಿಗೆ ಅವನು ಏನೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಒಂಬತ್ತನೆಯ ದಿನ, ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ಹತ್ತಿರ ಉಕ್ಕಿನ ಹಗ್ಗದಲ್ಲಿ ಮೂರು ಎಳೆ ತುಂಡಾಗಿ ಮುಳ್ಳಿನಂತೆ ಎದ್ದಿದ್ದು ಅವನ ಕಣ್ಣಿಗೆ ಬಿತ್ತು. ಆಗ ಹೆದರಿದ. ಯಾರನ್ನೂ ಕೇಳದೆ ಬೆಲ್ಟು ತಪ್ಪಿಸಿ, ಡ್ರಮ್ಮಿನ ಕೀಲನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ. ತೊಟ್ಟಿಲು ಕೆಳಗೆ ನಿಂತಿತು. ಅಂಗಳದಲ್ಲಿ ಬಂಡಿಗಳ ಸಾಲು ನಿಂತಿತು.

ಮರುಳಸಿದ್ದಮ್ಮ ಓಡಿಬಂದಳು. “ಕೀಲು ಕೊಡು.”

“ಕೊಡಂಗಿಲ್ಲ.”

“ನಿನ್ನ ಕೆಲಸ ಹೋತು. ಈಗಿಂದೀಗ ಹೊರಡು.”

“ಹೊರಡ್ತೀನ್ರಿ. ಒಂದು ಸಲ ಹಗ್ಗ ಕಡಿದು ಪರೀಕ್ಷಾ ಮಾಡಿ ಹೊರಡ್ತೀನಿ. ಅಲ್ಲೀತನಕ ಕೀಲು ನನ್ನ ಸೊಂಟದಾಗ.”

ಕೊಟ್ರಯ್ಯ ಸ್ಪ್ಯಾನರ್ ಹಿಡಿದು ಅವನ ಮುಂದೆ ಬಂದ. “ಕಸ್ಕೊಳ್ಳೇನ್ರಿ ಅವ್ವಾರ?”

“ಬಾ, ಮುಟ್ಟು,” ಎಂದ ಉಜ್ಜಿನಪ್ಪ.

ಇಬ್ಬರ ನಡುವೆ ಒಂದು ಮೊಳದ ಅಂತರವೂ ಇರಲಿಲ್ಲ. ಹಮಾಲರು ದೂರ ಸರಿದರು. ಮರುಳಸಿದ್ದಮ್ಮ ಇಬ್ಬರನ್ನೂ ಒಂದೇ ತಿರಸ್ಕಾರದಿಂದ ನೋಡಿದಳು.

“ಆಗಲಿ. ನಾಳಿ ಸೋಮವಾರ, ಗಿರಣಿ ಬಂದ್. ಹಗ್ಗ ಕಡೀರಿ. ತೊಟ್ಟಿಲು ನಿಂತ್ರ ಇವನು ಹೊರಗ, ಬಿದ್ರ ಕೊಟ್ರಯ್ಯ ಹೊರಗ. ನನಗೂ ನಿಮ್ಮಿಬ್ಬರ ಕಾಟ ಸಾಕಾಗೇತಿ.”

ಸೋಮವಾರ ಬೆಳಿಗ್ಗೆ ತೊಟ್ಟಿಲಿಗೆ ಎಂಟು ಚೀಲ ಭತ್ತ ಏರಿಸಿದರು. ಉಕ್ಕಿನ ಹಗ್ಗಕ್ಕೂ ತೊಟ್ಟಿಲಿನ ಕೊಂಡಿಗೂ ನಡುವೆ ದಪ್ಪ ನಾರಿನ ಹಗ್ಗ ಬಿಗಿದು, ಡ್ರಮ್ಮಿಗೆ ಕೀಲು ಹಾಕಿ, ತೊಟ್ಟಿಲನ್ನು ಎರಡನೆಯ ಅಂತಸ್ತಿಗೆ ಎತ್ತಿ ನಿಲ್ಲಿಸಿದರು. ನಾರಿನ ಹಗ್ಗ ಕಡಿದರೆ ಉಕ್ಕಿನ ಹಗ್ಗ ಹರಿದಂತೆಯೇ. ರಜೆಯಿದ್ದರೂ ಗಿರಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು.

“ಕೊಡಲಿ ನನಗ ಕೊಡ್ರಿ,” ಎಂದ ಕೊಟ್ರಯ್ಯ. ಅವನಿಗೆ ಅನುಮಾನವೇ ಇರಲಿಲ್ಲ. ಮೇಲೆ ಹೋಗಿ ಕಾಲು ಅಗಲಿಸಿ ನಿಂತು, ಕೆಳಗೆ ನಿಂತ ಉಜ್ಜಿನಪ್ಪನನ್ನು ಒಮ್ಮೆ ನೋಡಿ, ಕೊಡಲಿ ಬೀಸಿದ.

ದವಡೆಗಳು ಖಟ್ಟನೆ ಮುಚ್ಚಿದ ಸದ್ದು ಎಲ್ಲರಿಗೂ ಕೇಳಿಸಿತು. ತೊಟ್ಟಿಲು ನಿಲ್ಲಲಿಲ್ಲ. ಕಂಬಿಯ ಕಪ್ಪು ಎಣ್ಣೆಯ ಮೇಲೆ ಜಾರುತ್ತ ಬಂದು ನೆಲಕ್ಕೆ ಅಪ್ಪಳಿಸಿತು. ತಳದ ಹಲಗೆಗಳು ಸೀಳಿದವು. ಚೀಲಗಳು ಒಡೆದು ಭತ್ತ ಹೆಂಗಸರ ಕಾಲಬುಡದವರೆಗೆ ಚಿಮ್ಮಿತು.

ಉಜ್ಜಿನಪ್ಪ ಮೇಲಕ್ಕೆ ನೋಡಿದ. ಕೊಟ್ರಯ್ಯ ಕೊಡಲಿಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಆ ಮುಖ ನೋಡಿ ಉಜ್ಜಿನಪ್ಪನಿಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ ಹಾಗಾಯಿತು. “ನೋಡಿದೇನಪಾ?” ಎಂದು ಕೂಗಿದ. “ನಿಮ್ಮ ಅಪ್ಪ ಅಜ್ಜನ ಎಣ್ಣಿ ನೋಡಿದೇನು?”

ದ್ಯಾಮಕ್ಕ ಹೆಂಗಸರ ಗುಂಪಿನಿಂದ ಹೊರಬಂದಳು. ಭತ್ತವನ್ನು ತುಳಿಯುತ್ತ ತೊಟ್ಟಿಲಿನ ಹತ್ತಿರ ಹೋಗಿ, ತಾನು ದಿನವೂ ಕೂರುತ್ತಿದ್ದ ಮೂಲೆಯನ್ನು ನೋಡಿದಳು. ಆ ಮೂಲೆಯ ಹಲಗೆ ಒಳಮುಖವಾಗಿ ಮುರಿದು ಚೂಪಾಗಿ ಎದ್ದಿತ್ತು. ಅವಳು ಕೊಟ್ರಯ್ಯನನ್ನು ನೋಡಲಿಲ್ಲ. ಉಜ್ಜಿನಪ್ಪನ ಮುಂದೆ ಬಂದು ನಿಂತಳು.

“ಇದು ಬೀಳ್ತೈತಿ ಅಂತ ನಿನಗ ಯಾವಾಗ ಗೊತ್ತಾತು?”

“ಊರಿಂದ ಬಂದ ದಿನಾನ.”

“ಅದಕ್ಕ ಎಷ್ಟು ದಿನ ಆತು?”

“ಹತ್ತು.”

“ನಿನ್ನೀತನಕ ದಿನಾ ನಾ ಏರೀನಿ, ಇಳಿದೀನಿ. ನೀ ಇಲ್ಲೇ ನಿಂತು ನೋಡೀದಿ.”

“ಅವ್ವಾರಿಗೆ ಹೇಳೀನಿ ದ್ಯಾಮಕ್ಕ. ಕೊಟ್ರಯ್ಯನ ಕೂಡ ದಿನಾ ಬಡಿದಾಡೀನಿ, ಕೇಳು ಬೇಕಾದ್ರ.”

“ಅವ್ವಾರು ಇದರಾಗ ಕೂಡ್ತಿದ್ರೇನು? ಕೊಟ್ರಯ್ಯ ಕೂಡ್ತಿದ್ನೇನು? ಕೂಡಾಕಿ ನಾನು. ನನಗೊಂದು ಮಾತು ಹೇಳಿದ್ರ ನಿನ್ನ ನಾಲಿಗಿ ಸವೀತಿತ್ತೇನು?”

ಅವನು ಸೀಳಿದ ಹಲಗೆಗಳತ್ತ ತಿರುಗಿದ.

“ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ದ ಮಾಡ್ದ,” ಎಂದು ಅವಳು ಮೇಲಕ್ಕೆ ಬೆರಳು ತೋರಿಸಿದಳು. “ನೀನು ಗೊತ್ತಿದ್ದೂ ಸುಮ್ಮನಿದ್ದಿ. ಅವನ ಮ್ಯಾಲ ಗೆಲ್ಲಾಕ ನಿನಗ ನನ್ನ ಹೆಣ ಬೇಕಾಗಿತ್ತು.” ಅವನ ಕಾಲ ಬಳಿ ಉಗಿದು ಹೊರಟುಹೋದಳು.

ಕೊಟ್ರಯ್ಯ ಗಿರಣಿ ಬಿಟ್ಟು ಹೋಗಲಿಲ್ಲ. ಯುದ್ಧದ ದಿನಗಳಲ್ಲಿ ಇನ್ನೊಬ್ಬ ಎಂಜಿನ್ ಡ್ರೈವರ್ ಎಲ್ಲಿಂದ ಬರಬೇಕು? ಮರುಳಸಿದ್ದಮ್ಮ ತನ್ನ ಮಾತನ್ನು ತಾನೇ ಮುರಿದಳು. ಮುರಿದದ್ದಕ್ಕೆ ಇಬ್ಬರ ಮೇಲೂ ಸಿಟ್ಟಾದಳು. ಪೀಪಾಯಿಯ ಕೀಲಿಕೈಯನ್ನು ಕೊಟ್ರಯ್ಯನ ಸೊಂಟದಿಂದ ಬಿಚ್ಚಿಸಿ ಉಜ್ಜಿನಪ್ಪನ ಕಡೆ ಎಸೆದಳು. “ಇನ್ನ ಎಂಜಿನ್ನಿಗೂ ನೀನೇ ಅಳೆದು ಕೊಡು. ಒಂದು ಸೌಟು ಹೆಚ್ಚುಕಮ್ಮಿ ಆದ್ರ ಇಬ್ಬರನ್ನೂ ಹೊಳಿಗೆ ನೂಕಿಸ್ತೀನಿ.” ಅಂದಿನಿಂದ ಕೊಟ್ರಯ್ಯ ಉಜ್ಜಿನಪ್ಪನ ಮುಂದೆ ಡಬ್ಬಿ ಹಿಡಿದು ನಿಲ್ಲಬೇಕಾಯಿತು. ಒಂದು ದಿನವೂ ಅವನು ಬಾಯಿಬಿಟ್ಟು ಕೇಳಲಿಲ್ಲ. ಡಬ್ಬಿಯನ್ನು ಸದ್ದಾಗುವಂತೆ ನೆಲಕ್ಕೆ ಕುಕ್ಕುತ್ತಿದ್ದ.

ತೊಟ್ಟಿಲನ್ನು ಮತ್ತೆ ಕಟ್ಟಲು ಒಂದೂವರೆ ತಿಂಗಳು ಹಿಡಿಯಿತು. ಹೊಸ ಹಗ್ಗ ಬಂತು. ಉಜ್ಜಿನಪ್ಪ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ತಿಕ್ಕಿದ. ಕಂಬಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಂಜಿನ್ ಎಣ್ಣೆ ಹಚ್ಚಿ, ಬಟ್ಟೆಗೆ ಏನೂ ಹತ್ತದಷ್ಟು ಒರೆಸಿದ. ಮತ್ತೊಂದು ಸೋಮವಾರ ಎಂಟು ಚೀಲ ಏರಿಸಿ ಹಗ್ಗ ಕಡಿಸಿದ. ತೊಟ್ಟಿಲು ಒಂದು ಮೊಳ ಇಳಿದು, ದವಡೆಗಳು ಕಂಬಿಯನ್ನು ಕಚ್ಚಿ, ಸೂರು ಅದುರುವಂತೆ ನಿಂತಿತು. ಕಂಬಿಯ ಮೇಲೆ ಹಲ್ಲುಗಳ ಬಿಳಿ ಗುರುತು ಮೂಡಿತ್ತು. ಕೊಟ್ರಯ್ಯ ಅದನ್ನು ನೋಡಿ ಎದ್ದುಹೋದ.

ಆದರೆ ದ್ಯಾಮಕ್ಕ ಏರಲಿಲ್ಲ. ಬುಟ್ಟಿಯಲ್ಲಿ ಭತ್ತ ತುಂಬಿ ತಲೆಯ ಮೇಲಿಟ್ಟು ಮೆಟ್ಟಿಲು ಹತ್ತಿದಳು. ಅವಳನ್ನು ನೋಡಿ ಬೇರೆ ಹೆಂಗಸರೂ ಒಲ್ಲೆವೆಂದರು. ಮರುಳಸಿದ್ದಮ್ಮ ಗದರಿದಳು, ಕೆಲಸದಿಂದ ತೆಗೆಯುತ್ತೇನೆಂದಳು.

“ತೆಗೀರಿ,” ಎಂದಳು ದ್ಯಾಮಕ್ಕ. “ಸುಗ್ಗಿಯಾಗ ಕಂಪ್ಲಿಯಾಗ ಗಿರಣಿಗೇನು ಬರ ಇಲ್ಲ.”

ಒಂದು ಮಧ್ಯಾಹ್ನ ಉಜ್ಜಿನಪ್ಪ ಮೆಟ್ಟಿಲ ಬುಡದಲ್ಲಿ ಅವಳನ್ನು ತಡೆದ. ಎಷ್ಟೋ ದಿನದಿಂದ ಬಾಯಲ್ಲಿ ಕೂಡಿಸಿಟ್ಟ ಮಾತು ಅವನದು.

“ತಪ್ಪಾತು ದ್ಯಾಮಕ್ಕ. ಅವನ ಮ್ಯಾಲಿನ ಸಿಟ್ಟಿನಾಗ ನೀ ಇರೋದೇ ಮರ್ತಿದ್ದೆ. ಈಗ ಎಲ್ಲಾ ಸರಿ ಐತಿ. ನನ್ನ ಕಣ್ಣಾಣೆ, ಬೀಳಂಗಿಲ್ಲ.”

“ಬೀಳಂಗಿಲ್ಲೇನು?”

“ಇಲ್ಲ.”

“ಹಂಗಾದ್ರ ನೀನೇ ಕೂಡು. ಒಂದು ದಿನ ಅಲ್ಲ, ದಿನಾ ಕೂಡು. ಚೀಲ ನೀನೇ ಸುರುವು. ದಾರಿ ಬಿಡು.”

ಅವನು ದಾರಿ ಬಿಟ್ಟ. ಮರುದಿನ ಬೆಳಿಗ್ಗೆ ಎಂಜಿನ್ ಶುರುವಾದ ಮೇಲೆ ಚೀಲಗಳ ಜೊತೆ ತೊಟ್ಟಿಲೊಳಗೆ ತಾನೇ ಹೋಗಿ ಕೂತ. ಮೇಲೆ ಹೋಗಿ ಎಂಟು ಚೀಲ ಬಿಚ್ಚಿ ಸುರಿದ, ಇಳಿದ, ಮತ್ತೆ ಏರಿದ. ಮೇಸ್ತ್ರಿಯಾಗಿ ಬಂದವನು ಹಮಾಲನಾದ ಎಂದು ಕೊಟ್ರಯ್ಯ ಕಂಪ್ಲಿಯ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ಆ ಸುಗ್ಗಿಯೂ ಅದರ ಮುಂದಿನ ಸುಗ್ಗಿಯೂ ಉಜ್ಜಿನಪ್ಪನೇ ಏರಿದ. ಮೂರನೆಯ ಅಂತಸ್ತಿನಲ್ಲಿ ಎಷ್ಟೋ ಸಲ ದ್ಯಾಮಕ್ಕ ಎದುರಾಗುತ್ತಿದ್ದಳು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವವರೆಗೆ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಒಮ್ಮೆ ಅವನು ಕೈಯೊಡ್ಡಿ ಬುಟ್ಟಿ ಇಳಿಸಲು ಹೋದ. ಅವಳು ಬುಟ್ಟಿಯನ್ನು ಆಚೆ ಕಡೆಗೆ ತಿರುಗಿಸಿ ತಾನೇ ಇಳಿಸಿಕೊಂಡಳು.